ಒಂದೇ ಗಂಟೆಯ ರಿಪೋರ್ಟು

ನ್ಯುಮೋನಿಯಾದಿಂದ ನರಳುತ್ತಿದ್ದ ದ್ಯಾಮವ್ವನ ಕಫವನ್ನು ಆಸ್ಪತ್ರೆಯ ಹೊಸ ಯಂತ್ರಕ್ಕೆ ಹಾಕಿದರು. ರೋಗಾಣು ಯಾವುದೆಂದು ತಿಳಿಯಲು ಮೊದಲೆಲ್ಲ ಮೂರು ದಿನ ಬೇಕಿತ್ತು. ಈ ಯಂತ್ರ ಒಂದೇ ಗಂಟೆಯಲ್ಲಿ ಅದರ ಹೆಸರು ಪತ್ತೆಹಚ್ಚಿ ರಿಪೋರ್ಟು ಕೊಟ್ಟಿತು. ರಿಪೋರ್ಟು ಓಡೋಡಿ ಬಂದು ದ್ಯಾಮವ್ವನ ಫೈಲು ಸೇರಿತು. ಅಲ್ಲಿ ದೊಡ್ಡ ಡಾಕ್ಟರ ಶಾಯಿ ಪೆನ್ನು ಕೂತಿತ್ತು.

"ಸ್ವಾಮಿ, ಈಗ ಕೊಡುತ್ತಿರುವ ಇಂಜೆಕ್ಷನ್‌ಗೆ ಈ ರೋಗಾಣು ಬಗ್ಗುವುದಿಲ್ಲ. ದಯವಿಟ್ಟು ಔಷಧಿ ಬದಲಿಸಿ," ಎಂದಿತು ರಿಪೋರ್ಟು.

"ಇಪ್ಪತ್ತು ವರ್ಷದಿಂದ ನ್ಯುಮೋನಿಯಾಕ್ಕೆ ಇದೇ ಇಂಜೆಕ್ಷನ್ ಬರೆಯುತ್ತಿದ್ದೇನೆ. ನಿನ್ನೆ ಮೊನ್ನೆ ಬಂದವನು ನನಗೇ ಹೇಳಿಕೊಡುತ್ತೀಯಾ?" ಎಂದು ಗದರಿದ ಪೆನ್ನು, ಹಾಳೆಯ ಮೇಲೆ 'ಅದೇ ಮುಂದುವರಿಸಿ' ಎಂದು ಬರೆಯಿತು.

"ರಿಪೋರ್ಟ್ ಬಂತೇನ್ರೀ ಸಿಸ್ಟರ್?" ಎಂದು ದ್ಯಾಮವ್ವನ ಮಗಳು ನರ್ಸಮ್ಮನನ್ನು ಕೇಳಿದಳು.

"ಆಗ್ಲೇ ಬಂದೈತವ್ವಾ. ಫೈಲಿನ್ಯಾಗ ಐತಿ."

ಮರುದಿನವೂ ಪೆನ್ನು 'ಅದೇ ಮುಂದುವರಿಸಿ' ಎಂದಿತು, ಅದರ ಮರುದಿನವೂ ಅಷ್ಟೇ. ಹಾಳೆಯ ಮೇಲೆ ಹಾಳೆ ಬಿದ್ದು ರಿಪೋರ್ಟು ಫೈಲಿನ ತಳ ಸೇರಿತು.

ನಾಲ್ಕನೆಯ ದಿನ ಪೆನ್ನೇ ಹಾಳೆಗಳನ್ನು ಮಗುಚುತ್ತ ಅದನ್ನು ಹುಡುಕಿಕೊಂಡು ಬಂತು.

"ಎಲ್ಲಿದ್ದೀಯಪ್ಪಾ? ಆ ರೋಗಾಣುವಿನ ಹೆಸರು ಸರಿಯಾಗಿ ಹೇಳು."

ರಿಪೋರ್ಟು ಹಿಗ್ಗಿಹೋಯಿತು. "ಔಷಧಿ ಬದಲಿಸುತ್ತೀರಾ ಸ್ವಾಮಿ?"

"ಯಾರಿಗೆ? ಹಾಸಿಗೆ ಬೆಳಿಗ್ಗೆಯೇ ಖಾಲಿಯಾಯಿತು," ಎಂದಿತು ಪೆನ್ನು. "ಮರಣ ಪ್ರಮಾಣಪತ್ರದಲ್ಲಿ 'ಕಾರಣ' ಎಂದೊಂದು ಜಾಗ ಇದೆ. ಅಲ್ಲಿ ನಾನು ಯಾವತ್ತೂ ತಪ್ಪು ಬರೆದವನಲ್ಲ."