ಉರುಲಿಗೆ ಬಿದ್ದ ಕಾಜಾಣ

“ಗುರುಗಳೇ, ಹೊಟ್ಟೆಕಿಚ್ಚು ಇರುವುದು ಎದೆಯಲ್ಲಿ, ವಿದ್ಯೆ ಇರುವುದು ತಲೆಯಲ್ಲಿ. ಒಂದು ಇನ್ನೊಂದನ್ನು ಹೇಗೆ ಕೆಡಿಸೀತು?” ಎಂದು ಶಂಭುಲಿಂಗ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಹಕ್ಕಿಗಳನ್ನು ಬಲ್ಲ ಒಬ್ಬನಿದ್ದ. ದೂರದಿಂದ ನೋಡುವವರಿಗೆ ಕಪ್ಪು ಹಕ್ಕಿಗಳೆಲ್ಲ ಒಂದೇ. ಅವನಿಗೆ ಹಾಗಲ್ಲ. ಕಣ್ಣು ಕೆಂಪಗಿದ್ದರೆ ಕೋಗಿಲೆ. ರೆಕ್ಕೆ ಇಟ್ಟಿಗೆಯ ಬಣ್ಣದ್ದಾದರೆ ಕೆಂಬೂತ. ಬಾಲದ ತುದಿ ಕವಲೊಡೆದು, ಬಾಯಿಯ ಮೂಲೆಯಲ್ಲಿ ಬಿಳಿ ಚುಕ್ಕೆಯಿದ್ದರೆ ಕಾಜಾಣ. ಕಾಗೆ ಮೊಳಕೆ ಕೀಳುತ್ತದೆ, ಕಾಜಾಣ ಮಿಡತೆ ಹಿಡಿದು ತಿನ್ನುತ್ತದೆ. ಆದ್ದರಿಂದ ಬಿತ್ತನೆ ಮುಗಿದೊಡನೆ ರೈತರು ಅವನನ್ನು ಹೊಲಕ್ಕೆ ಕರೆದೊಯ್ದು, ಯಾವುದನ್ನು ಓಡಿಸಬೇಕು, ಯಾವುದನ್ನು ಬಿಡಬೇಕು ಎಂದು ಕೇಳುತ್ತಿದ್ದರು.

ಆ ಊರಿಗೆ ಸೊಸೆಯಾಗಿ ಬಂದ ಹೆಂಗಸೊಬ್ಬಳಿಗೆ ಈ ವಿದ್ಯೆಯ ಮೇಲೆ ಆಸೆಯಾಯಿತು. ಅವನು ಸಂತೋಷದಿಂದ ಕಲಿಸಿದ. ಅವಳು ಬೇಗ ಕಲಿತಳು. ಬರಬರುತ್ತ ರೈತರು ಅವನ ಮನೆ ದಾಟಿ ಅವಳ ಮನೆಗೆ ಹೋಗತೊಡಗಿದರು.

ಅವನು ಎಲ್ಲರೆದುರು ಅವಳನ್ನು ಹೊಗಳುತ್ತಿದ್ದ. ಮನೆಗೆ ಬಂದರೆ ತುತ್ತು ಇಳಿಯುತ್ತಿರಲಿಲ್ಲ. ಅವಳು ಹೊಲಕ್ಕೆ ಹೊರಟಾಗಲೆಲ್ಲ ಏನಾದರೂ ನೆಪ ಹೇಳಿಕೊಂಡು ತಾನೂ ಹೋಗುತ್ತಿದ್ದ. ಅವಳು ಒಮ್ಮೆಯಾದರೂ ತಪ್ಪಲಿ ಎಂದು ಕಾಯುತ್ತಿದ್ದ. ಅವಳು ತಪ್ಪಲಿಲ್ಲ.

ಒಂದು ದಿನ ಒಬ್ಬ ರೈತ ಇಬ್ಬರನ್ನೂ ಕರೆದ. ಅವನ ಜೋಳದ ಮೊಳಕೆಗಳು ಕಿತ್ತುಹೋಗಿದ್ದವು. ನಡುಹೊಲದ ಗೂಟದ ಮೇಲೆ ಒಂದು ಕಪ್ಪು ಹಕ್ಕಿ ಕುಳಿತಿತ್ತು. ರೈತನ ಕೈಯಲ್ಲಿ ಉರುಲು ಸಿದ್ಧವಾಗಿತ್ತು.

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಕಾಜಾಣ. ಬಿಟ್ಟುಬಿಡಿ” ಎಂದಳು.

ಕಲಿಸಿದವನು ನೋಡುತ್ತಿದ್ದದ್ದು ಅವಳ ಮುಖವನ್ನು. ಆ ಮುಖದಲ್ಲಿ ಇಷ್ಟೂ ಅಳುಕಿರಲಿಲ್ಲ. ಅದನ್ನು ಸಹಿಸಲಾರದೆ, “ಅಲ್ಲ, ಅದು ಕಾಗೆ. ಉರುಲು ಒಡ್ಡು” ಎಂದುಬಿಟ್ಟ.

ರೈತ ಅವಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಗೆದ್ದವನಂತೆ ಹೊರಟ. ಬದುವಿನ ತುದಿಗೆ ಬಂದಾಗ ಹಕ್ಕಿ ಮಿಡತೆಯೊಂದರ ಹಿಂದೆ ಅವನ ತಲೆಯ ಮೇಲೆಯೇ ಹಾರಿತು. ಕವಲು ಬಾಲ ಸ್ಪಷ್ಟವಾಗಿ ಕಂಡಿತು. ಹಿಂದಿರುಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅವಳು ಇನ್ನೂ ಅಲ್ಲೇ ನಿಂತಿದ್ದಳು. ಅವನು ಮನೆಗೆ ನಡೆದ.

ಮರುದಿನ ಕಾಜಾಣ ಉರುಲಿನಲ್ಲಿ ಸತ್ತು ನೇತಾಡುತ್ತಿತ್ತು. ಕೆಲವೇ ದಿನಗಳಲ್ಲಿ ಉಳಿದ ಪೈರನ್ನು ಮಿಡತೆಗಳು ಮುಗಿಸಿದವು. ರೈತ ಅವನನ್ನು ಬೈದು ಹೋದ. ಅದನ್ನು ಅವನು ತಡೆದುಕೊಂಡ. ಬಳಿಕ ಅವಳು ಬಂದಳು. ಇವಳೂ ಬೈಯಲಿ ಎಂದು ಬಾಗಿಲಲ್ಲಿ ನಿಂತ.

ಅವಳು ಕಣ್ಣೊರೆಸಿಕೊಂಡು, “ಅಣ್ಣಾ, ಆ ಬಿಳಿ ಚುಕ್ಕೆ ನನಗೆ ಚೆನ್ನಾಗಿ ಕಂಡಿತ್ತು. ನೀವು ಅಲ್ಲ ಅಂದಿರಿ. ನನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡು ಸುಮ್ಮನಾದೆ. ನಾನು ಸುಮ್ಮನಿರಬಾರದಿತ್ತು” ಎಂದಳು.

ಅಂದಿನಿಂದ ಅವನನ್ನು ಯಾರು ಕರೆದರೂ ಅವನು ಹೊಲಕ್ಕೆ ಹೋಗಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಂಭುಲಿಂಗ, “ಅಷ್ಟು ಬಲ್ಲವನು ಒಮ್ಮೆ ಹಕ್ಕಿಯ ಕಡೆ ತಿರುಗಿ ನೋಡಬಾರದಿತ್ತೇ?” ಎಂದ.

ಗುರುಗಳು ಕೇಳಿದರು: “ನಿನ್ನೆ ಪಾಠದಲ್ಲಿ ನಿನ್ನ ಪಕ್ಕ ಕೂತಿದ್ದ ಈರಯ್ಯ ಪದ್ಯದ ಅರ್ಥ ಹೇಳಿದೊಡನೆ ನೀನು ತಪ್ಪು ಎಂದೆಯಲ್ಲ, ಅವನು ಹೇಳಿದ ಅರ್ಥ ಏನು?”