ಕಚೇರಿಗೆ ಒಂದೇ ಹೆಪ್ಪು

ನಾಲ್ಕಕ್ಕೆ ತಪಾಸಣೆ. ಕಚೇರಿಯ ಇಪ್ಪತ್ತು ಕಂಪ್ಯೂಟರುಗಳೂ ಅಪ್‌ಡೇಟಿಗಾಗಿ ಒಂದೇ ಬಡಕಲು ಇಂಟರ್ನೆಟ್ ಲೈನನ್ನು ಜಗ್ಗುತ್ತಿದ್ದವು. ಒಂದೂ ಮುಗಿದಿರಲಿಲ್ಲ.

"ಒಂದು ಉಳಿದರೂ ನಿನ್ನ ಕೆಲಸ ಹೋಯ್ತು" ಎಂದರು ಸಾಹೇಬರು.

ಗುತ್ತಿಗೆ ಆಪರೇಟರ್ ಪುಟ್ಟಗೌರಮ್ಮ ಹೇಳಿದಳು: "ನನ್ನದೊಂದು ಇಳಿಸಿಕೊಳ್ಳಲಿ ಸಾರ್. ಮಿಕ್ಕವು ಅದರಿಂದಲೇ ತಗೊಳ್ಳೋ ಹಾಗೆ ಮಾಡ್ತೀನಿ. ಒಂದು ಮನೇಲಿ ಮೊಸರಿದ್ರೆ ಬೀದಿಗೆಲ್ಲ ಹೆಪ್ಪು ಸಿಗುತ್ತೆ."

"ಗುಮಾಸ್ತರ ಎಂಜಲು ನನಗೆ ಬೇಡ. ನನ್ನದು ನೇರವಾಗಿ ತಗೊಳ್ಳಲಿ."

ಉಳಿದ ಹದಿನೆಂಟನ್ನು ಅವಳು ನಿಲ್ಲಿಸಿದಳು. ಸಾಹೇಬರು ತಾಳ್ಮೆಗೆಟ್ಟು ತಮ್ಮದನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದರು. ಮೂರಕ್ಕೆ ಅವಳದು ಮುಗಿಯಿತು. ಸಾಹೇಬರದು ಇನ್ನೂ ಅರ್ಧದಲ್ಲಿರುವಾಗಲೇ ಹೊರಗಿನ ಲೈನೇ ಸತ್ತಿತು.

ಕಚೇರಿಯೊಳಗಿನ ವೈರು ಮಾತ್ರ ಚೆನ್ನಾಗಿತ್ತು. ಮೂರೂವರೆಗೆ ಆ ಹದಿನೆಂಟೂ ಮುಗಿದವು.

ಮೂರು ಮುಕ್ಕಾಲಿಗೆ ಸಾಹೇಬರು ತಾವೇ ಎದ್ದು ಅವಳ ಮೇಜಿನ ಹತ್ತಿರ ಬಂದರು. ದನಿ ತಗ್ಗಿಸಿದರು.

"ಗೌರಮ್ಮನವರೇ, ಸ್ವಲ್ಪ ಹೆಪ್ಪು ಇದೆಯಾ?"