ಮತಗಟ್ಟೆಯ ಬಾಗಿಲು ಕಾದ ಗುಡ್ಡಪ್ಪ

ಮೂವತ್ತು ತುಂಬಿದ ಮಗನಿಗೆ ಬೈದು ಬೈದು ಬಾಯಿ ನೋಯಿಸಿಕೊಂಡ ತಾಯಿ ಎಂದರೆ ನಮ್ಮ ಹಾಲವ್ವ. ಮಗ ಗುಡ್ಡಪ್ಪ ಸೋಮಾರಿಯಲ್ಲ, ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವಳ ಗೋಳು. ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹಾಲವ್ವ, ಮಗನಿಗೆ ಅಲ್ಲೇ ಜವಾನನ ಕೆಲಸ ಕೊಡಿರೆಂದು ಮುಖ್ಯೋಪಾಧ್ಯಾಯಿನಿ ಹೆಡ್ ಅಕ್ಕೋರ ಕಾಲು ಹಿಡಿದಳು.

"ಪಂಚಾಯ್ತಿ ಚುನಾವಣಿಗೆ ನಮ್ಮ ಸಾಲೀನ ಮತಗಟ್ಟಿ ಮಾಡ್ಯಾರ. ಎರಡು ದಿನ ದುಡೀಲಿ, ನೋಡೂಣು" ಎಂದರು ಅಕ್ಕೋರು.

ಮೊದಲ ದಿನ ಗುಡ್ಡಪ್ಪನ ಕೈಗೆ ಒಂದು ಪಟ್ಟಿ ಕೊಟ್ಟು, "ಚುನಾವಣಿಗೆ ನಿಂತವರ ಗುರುತು ಇದರಾಗ ಅದಾವ. ಇವು ಒಂದೂ ಸಾಲ್ಯಾಗ ಕಾಣಬಾರ್ದು, ತಗದು ಹೊರಗ ಹಾಕು" ಎಂದರು. ಗುಡ್ಡಪ್ಪ ಹುಡುಕಿದ. ಗೋಡೆಗೆ ತೂಗುಹಾಕಿದ್ದ ತೆಂಗಿನಮರದ ಚಿತ್ರ ಹೋಯಿತು, ಆಟೋದ ಚಿತ್ರ ಹೋಯಿತು. ಪಟ್ಟಿಯಲ್ಲಿ ಕುಕ್ಕರೂ ಇತ್ತು. ನೆಟ್ಟಗೆ ಅಡುಗೆಮನೆಗೆ ಹೊಕ್ಕು, ಚುನಾವಣೆ ಸಿಬ್ಬಂದಿಗೆಂದು ಅನ್ನ ಬೇಯುತ್ತಿದ್ದ ಕುಕ್ಕರನ್ನೇ ಎತ್ತಿ ತಿಪ್ಪೆಗೆ ಹಾಕಿ ಬಂದ.

ಹಾಲವ್ವ ಹಣೆ ಹಣೆ ಚಚ್ಚಿಕೊಂಡಳು. "ಒಳಗಿದ್ದದ್ದನ್ನ ಯಾಕ ಹೊರಗ ಒಯ್ದ್ಯೋ? ಇನ್ನ ಮ್ಯಾಲ ಒಳಗಿದ್ದದ್ದು ಒಳಗ ಇರ್ಲಿ, ತಿಳೀತಿಲ್ಲೋ?"

"ತಿಳೀತು ಬಿಡವ್ವ."

ಮರುದಿನ ಮತದಾನ. ಗುಡ್ಡಪ್ಪನನ್ನು ಬಾಗಿಲಿಗೆ ನಿಲ್ಲಿಸಿದರು. ಬಂದವರನ್ನೆಲ್ಲ ಒಳಗೆ ಬಿಟ್ಟ. ಓಟು ಹಾಕಿ ಹೊರಟವರಿಗೆ ಕೈ ಅಡ್ಡ ಹಿಡಿದ. "ಒಳಗಿದ್ದವರು ಒಳಗ ಇರ್ರಿ, ನಮ್ಮವ್ವ ಹೇಳ್ಯಾಳ." ಹತ್ತು ಮಂದಿಯಾಯಿತು, ಇಪ್ಪತ್ತಾಯಿತು, ನಲವತ್ತಾಯಿತು. ಮುದುಕರು ಮಕ್ಕಳ ಬೆಂಚಿನಲ್ಲಿ ಇಕ್ಕಟ್ಟಾಗಿ ಕೂತರು. ಮತಗಟ್ಟೆಯ ಅಧಿಕಾರಿಗೆ ಕಾಲಿಡಲೂ ಜಾಗ ಉಳಿಯಲಿಲ್ಲ.

"ಹುಚ್ಚಪ್ಯಾಲಿ, ಕೆಲಸ ಬೇಕೋ ಬ್ಯಾಡೋ ನಿನಗ?" ಎಂದು ಅಧಿಕಾರಿ ರೇಗಿದರು. "ಬೆರಳಿಗೆ ಶಾಯಿ ಬಿದ್ದವರು ಯಾರೇ ಇರ್ಲಿ, ಒಳಗ ಇರಬಾರ್ದು. ಹೊರಗ ಕಳಸು."

ಅಲ್ಲಿಂದ ಸಂಜೆಯವರೆಗೂ ಬೆರಳು ನೋಡಿದ, ಹೊರಗೆ ಕಳಿಸಿದ. ಸಾಲು ಚೊಕ್ಕವಾಗಿ ಸಾಗಿತು. ಅಧಿಕಾರಿಯೇ ಬೆನ್ನು ತಟ್ಟಿದರು. ಅಕ್ಕೋರು, "ನಾಳೆ ಇವನ ಕೆಲಸದ ಕಾಗದಕ್ಕ ಸಹಿ ಹಾಕ್ತೀನಿ ಹಾಲವ್ವ" ಎಂದಾಗ ಆ ತಾಯಿಯ ಕಣ್ಣು ತುಂಬಿ ಬಂತು.

"ಇವತ್ತು ಮಾಡಿದಂಗ ನಾಳೇನೂ ಮಾಡಪಾ" ಎಂದಳು ಮಗನಿಗೆ.

ಮಾಡಿದ. ಬೆಳಿಗ್ಗೆ ಶಾಲೆಯ ಗೇಟಿಗೆ ನಿಂತು ಬಂದವರ ಬೆರಳು ನೋಡಿದ. ಮಕ್ಕಳ ಬೆರಳಲ್ಲಿ ಶಾಯಿಯಿಲ್ಲ, ಎಲ್ಲರೂ ಒಳಗೆ. ಮಾಸ್ತರ ಬೆರಳಲ್ಲಿ ಶಾಯಿ, ಹೊರಗೆ. ಹಾಲವ್ವನ ಬೆರಳಲ್ಲಿ ಶಾಯಿ, ಹೊರಗೆ. ತನ್ನ ಬೆರಳಲ್ಲೂ ಶಾಯಿ, ಹಾಗಾಗಿ ತಾನೂ ಹೊರಗೇ ನಿಂತ. ಒಳಗೆ ಮಕ್ಕಳು ಬೆಂಚು ಹತ್ತಿ ಕುಣಿಯುತ್ತಿದ್ದರು.

ಅಕ್ಕೋರು ಬಂದರು. "ದಾರಿ ಬಿಡೋ ಮಾರಾಯ. ನಿನ್ನ ಕೆಲಸದ ಕಾಗದ ಒಳಗೈತಿ, ಸಹಿ ಹಾಕಬೇಕು."

ಗುಡ್ಡಪ್ಪ ಅವರ ಬೆರಳನ್ನು ಬಗ್ಗಿ ನೋಡಿದ.

"ತಿಂಗಳ ಬಿಟ್ಟು, ಶಾಯಿ ಹೋದ ಮ್ಯಾಲ ಬರ್ರಿ ಅಕ್ಕೋರ. ಈಗ ಬಿಟ್ರ ನನ್ನ ಕೆಲಸ ಹೋಗತೈತಿ."